ಮಗುವಿಗೆ ಮೊದಲ ಕ್ಯಾಮೆರಾ: ಇನ್‌ಸ್ಟಾಕ್ಸ್ ಮಿನಿಯಾ, ಹಳೆಯ ಡಿಜಿಟಲ್ಲಾ?

ಇನ್‌ಸ್ಟಾಕ್ಸ್ ಮಿನಿ 12 ಎಂಬ ಇನ್‌ಸ್ಟಂಟ್ ಕ್ಯಾಮೆರಾದಲ್ಲಿ ಬಟನ್ ಒತ್ತಿದರೆ ಫೋಟೋ ಕೈಗೇ ಬರುತ್ತದೆ. ಬಿಳಿ ಹಾಳೆಯಲ್ಲಿ ಚಿತ್ರ ಮೆಲ್ಲಗೆ ಮೂಡುವುದನ್ನು ನೋಡುವ ಖುಷಿಯೇ ಬೇರೆ. ಆದರೆ ಒಂದು ಫಿಲ್ಮ್ ಕಾರ್ಟ್ರಿಜ್‌ನಲ್ಲಿ 10 ಫೋಟೋ ಅಷ್ಟೇ. ಮುಗಿದರೆ ಮತ್ತೆ ದುಡ್ಡು. ಮಕ್ಕಳು ಕಲಿಯುವುದು ತಪ್ಪು ಮಾಡಿ ಮಾಡಿಯೇ ಅಲ್ವಾ?

ಅದಕ್ಕೇ ಎಂಟು ವರ್ಷ ದಾಟಿದವರಿಗೆ ನನ್ನ ಆಯ್ಕೆ ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ. ಒಂದೇ ಇರುವೆಯನ್ನು ನೂರು ಸಲ ತೆಗೆಯಲಿ, ಖರ್ಚಿಲ್ಲ. ಹೂವಿನ ಗುರುತಿನ ಮ್ಯಾಕ್ರೋ ಮೋಡ್ ಹಾಕಿದರೆ ಹತ್ತಿರದ್ದೂ ಚೆನ್ನಾಗಿ ಬರುತ್ತದೆ. ಲೆನ್ಸೇ ದೂರದ್ದನ್ನು ಹತ್ತಿರ ತರುವ ಆಪ್ಟಿಕಲ್ ಜೂಮ್ ಇರಲಿ. ಡಿಜಿಟಲ್ ಜೂಮ್ ಚಿತ್ರವನ್ನು ಸುಮ್ನೆ ಹಿಗ್ಗಿಸುತ್ತದೆ. ಫೋಟೋ ಉಳಿಸುವ ಎಸ್‌ಡಿ ಮೆಮೊರಿ ಕಾರ್ಡ್ ಹಿಡಿಯುತ್ತದಾ ನೋಡಿ. ಹಳೆಯ ಕೆಲವು ಒಲಿಂಪಸ್, ಫ್ಯೂಜಿ ಕ್ಯಾಮೆರಾಗಳಿಗೆ ಎಕ್ಸ್‌ಡಿ ಎಂಬ ಬೇರೆ ಬಗೆಯ ಕಾರ್ಡೇ ಬೇಕು, ಅದನ್ನು ಈಗ ಯಾರೂ ತಯಾರಿಸುವುದಿಲ್ಲ.

ಐದಾರು ವರ್ಷದವರಿಗೆ ರಬ್ಬರ್ ಕವರಿನ ಆಟಿಕೆ ಕ್ಯಾಮೆರಾ ಸಾಕು. ಕೊರಳ ದಾರ ಮಾತ್ರ ಜೋರಾಗಿ ಎಳೆದರೆ ಬಿಚ್ಚಿಕೊಳ್ಳುವಂಥದ್ದೇ ಇರಲಿ.