ಬ್ಯಾಂಕ್ರಪ್ಟ್, ಇನ್‌ಸಾಲ್ವೆಂಟ್, ಬ್ರೋಕ್: ಎಲ್ಲಿ ಯಾವುದು?

ತಿಂಗಳ ಕೊನೆಗೆ ಜೇಬು ಖಾಲಿಯಾದರೆ ‘ಬ್ರೋಕ್’ ಸಾಕು. ಅದು ಆಡುಮಾತು, ಅರ್ಜಿಯಲ್ಲಿ, ವರದಿಯಲ್ಲಿ ಬರೆಯಬೇಡಿ.

ಗೊಂದಲವಾಗುವುದು ಉಳಿದೆರಡರಲ್ಲಿ. ‘ಇನ್‌ಸಾಲ್ವೆಂಟ್’ ಒಂದು ಸ್ಥಿತಿ: ಗಡುವಿಗೆ ಸಾಲ ಕಟ್ಟಲಾಗುತ್ತಿಲ್ಲ, ಅಥವಾ ಆಸ್ತಿಗಿಂತ ಸಾಲವೇ ಹೆಚ್ಚು. ಆ ಸ್ಥಿತಿ ಬರಲು ಕೋರ್ಟ್ ಆದೇಶ ಬೇಕಿಲ್ಲ, ಅದರಿಂದ ಹೊರಬರಲೂ ಸಾಧ್ಯ. ‘ಬ್ಯಾಂಕ್ರಪ್ಟ್’ ಕಾನೂನು ಹಚ್ಚುವ ಮುದ್ರೆ. ಹಾಗಾಗಿ ಇನ್‌ಸಾಲ್ವೆಂಟ್ ಆದವರೆಲ್ಲ ಬ್ಯಾಂಕ್ರಪ್ಟ್ ಅಲ್ಲ. ನಮ್ಮ ‘ದಿವಾಳಿ’, ‘ಪಾಪರ್’ ಎರಡಕ್ಕೂ ಸಲ್ಲುವುದರಿಂದ ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗಲೇ ಹೆಚ್ಚು ಎಡವುತ್ತೇವೆ.

ದೇಶವನ್ನೂ ನೋಡಬೇಕು. ಇಂಗ್ಲೆಂಡಿನ ಕಾನೂನಿನಲ್ಲಿ ಬ್ಯಾಂಕ್ರಪ್ಟ್ ಆಗುವುದು ವ್ಯಕ್ತಿ ಮಾತ್ರ. ಕಂಪನಿಯಾದರೆ ಅಡ್ಮಿನಿಸ್ಟ್ರೇಷನ್ (ಕಂಪನಿಯನ್ನು ಉಳಿಸಲು ಹೊರಗಿನ ಆಡಳಿತಗಾರರ ಕೈಗೆ ಒಪ್ಪಿಸುವುದು) ಅಥವಾ ಲಿಕ್ವಿಡೇಷನ್ (ಆಸ್ತಿ ಮಾರಿ ಕಂಪನಿ ಮುಚ್ಚುವುದು). 2021ರ ಜುಲೈಯಲ್ಲಿ ಲಂಡನ್ ಹೈಕೋರ್ಟ್ ವಿಜಯ್ ಮಲ್ಯ ಅವರನ್ನು ಬ್ಯಾಂಕ್ರಪ್ಟ್ ಎಂದು ಘೋಷಿಸಿದ್ದು ವ್ಯಕ್ತಿಯಾಗಿ. ಅಮೆರಿಕದಲ್ಲಿ ಕಂಪನಿಗೂ ಅದೇ ಪದ: 2008ರ ಸೆಪ್ಟೆಂಬರಿನಲ್ಲಿ ಹೂಡಿಕೆ ಬ್ಯಾಂಕ್ ಲೆಹ್ಮನ್ ಬ್ರದರ್ಸ್ ಬ್ಯಾಂಕ್ರಪ್ಸಿ ಅರ್ಜಿ ಹಾಕಿತು. ಅಲ್ಲಿನ ಬ್ಯಾಂಕ್ರಪ್ಸಿ ಕಾನೂನಿನ ‘ಚಾಪ್ಟರ್ 11’ ಎಂದರೆ ಅಂಗಡಿ ಮುಚ್ಚಿತೆಂದಲ್ಲ, ಸಾಲ ಹೊಂದಿಸಿಕೊಂಡು ವ್ಯವಹಾರ ಮುಂದುವರಿಸುವ ದಾರಿ. ನಮ್ಮ ಪತ್ರಿಕೆಗಳು ಇದನ್ನು ಸಲೀಸಾಗಿ ‘ಮುಳುಗಿತು’ ಎಂದು ಬರೆದುಬಿಡುತ್ತವೆ.

ಭಾರತದ 2016ರ ಸಂಹಿತೆಯ ಹೆಸರಿನಲ್ಲೇ ಎರಡೂ ಪದಗಳಿವೆ. ಕಂಪನಿಗೆ ಮೊದಲು ಇನ್‌ಸಾಲ್ವೆನ್ಸಿ ಪ್ರಕ್ರಿಯೆ, ಪರಿಹಾರ ಸಿಗದಿದ್ದರೆ ಲಿಕ್ವಿಡೇಷನ್; ಬ್ಯಾಂಕ್ರಪ್ಸಿ ಭಾಗ ವ್ಯಕ್ತಿಗಳಿಗೆ, ಪಾಲುದಾರಿಕೆ ಸಂಸ್ಥೆಗಳಿಗೆ. ಆದೇಶದ ಪ್ರತಿ ಕೈಯಲ್ಲಿಲ್ಲದಿದ್ದರೆ ‘ಇನ್‌ಸಾಲ್ವೆಂಟ್’ ಎಂದೂ ಬೇಡ, ‘ಸಾಲ ತೀರಿಸಿಲ್ಲ’ ಎಂದಷ್ಟೇ ಬರೆಯಿರಿ. ಮಾನನಷ್ಟದ ನೋಟಿಸು ತಪ್ಪುತ್ತದೆ.