ಹತ್ತು ಸಾವಿರದೊಳಗಿನ ಕೂಸಿನ ಕಾರ್ ಸೀಟ್: ದುಡ್ಡಿಗೆ ಮೋಸವಿಲ್ಲ, ಕಟ್ಟುವಾಗ ಎಚ್ಚರ

ಹುಬ್ಬಳ್ಳಿ-ಧಾರವಾಡದ ಮಕ್ಕಳ ಸಾಮಾನಿನ ಅಂಗಡಿಗಳಲ್ಲಿ ಸುಲಭವಾಗಿ ಕೈಗೆ ಸಿಗುವುದು ಒಂದೇ ಬಗೆಯ ಕಾರ್ ಸೀಟ್. ಹುಟ್ಟಿದಾಗಿನಿಂದ 18 ಕೆಜಿ ತೂಕದವರೆಗೆ ನಡೆಯುತ್ತದೆ, ಕಾರಿನ ಬೆಲ್ಟಿನಿಂದಲೇ ಬಿಗಿಯಬೇಕು, ಹಿಮ್ಮುಖವಾಗಿಯೂ (ಕೂಸಿನ ಮುಖ ಕಾರಿನ ಹಿಂದಕ್ಕೆ) ಮುಮ್ಮುಖವಾಗಿಯೂ ಇಡಬಹುದು. ಬೆಲೆ ಸುಮಾರು ಆರರಿಂದ ಹತ್ತು ಸಾವಿರ. ಬಟ್ಟೆ, ಬಣ್ಣ, ಹೆಸರು ಬೇರೆ ಬೇರೆಯಾದರೂ ಒಳಗಿನ ಪ್ಲಾಸ್ಟಿಕ್ ಚಿಪ್ಪು, ಐದು ಕಡೆ ಹಿಡಿಯುವ ಪಟ್ಟಿ, ಬೆಲ್ಟ್ ಹಾಯುವ ದಾರಿ ಹೆಚ್ಚೂಕಡಿಮೆ ಒಂದೇ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಸೀಟು ಚಲೋ ಇದೆ, ಐದಕ್ಕೆ ನಾಲ್ಕು. ಹೋದ ಒಂದು ಅಂಕ ಕಟ್ಟುವ ತಾಪತ್ರಯಕ್ಕೆ. ಸಡಿಲವಾಗಿ ಕಟ್ಟಿದ ಮೂವತ್ತು ಸಾವಿರದ ಸೀಟಿಗಿಂತ ಗಟ್ಟಿಯಾಗಿ ಕಟ್ಟಿದ ಏಳು ಸಾವಿರದ ಸೀಟೇ ಮೇಲು.

"ಅಷ್ಟ್ಯಾಕ ರೊಕ್ಕಾ ಸುರೀತೀರಿ, ನನ್ನ ತೊಡಿ ಮ್ಯಾಲ ಕುಂದರ್ತದ ತಗೋರಿ" ಎನ್ನುವ ಅಜ್ಜಿ ಎಲ್ಲ ಮನೆಯಲ್ಲೂ ಇರುತ್ತಾರೆ. ಅವರಿಗೆ ಲೆಕ್ಕ ಹೀಗೆ ಹೇಳಬೇಕು. ಗಂಟೆಗೆ 50 ಕಿಮೀ ವೇಗದ ಕಾರು ಗುದ್ದಿ ಅರ್ಧ ಮೀಟರಿನೊಳಗೆ ನಿಂತರೆ ಒಳಗಿದ್ದವರ ಮೇಲೆ ಬೀಳುವ ಎಳೆತ ಅವರ ತೂಕದ ಸುಮಾರು 20 ಪಟ್ಟು. 10 ಕೆಜಿಯ ಕೂಸನ್ನು ಹಿಡಿಯಲು ಆ ಕ್ಷಣದಲ್ಲಿ 200 ಕೆಜಿ ಎತ್ತುವ ತೋಳು ಬೇಕು. ಇದು ಊರೊಳಗಿನ ವೇಗದ ಮಾತು. ಬೈಪಾಸಿನಲ್ಲಿ ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಕಾನೂನೂ ಇದೆ. 2019ರ ತಿದ್ದುಪಡಿಯಲ್ಲಿ ಬಂದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕೂರಿಸಿ ಓಡಿಸಿದರೆ 1000 ರೂಪಾಯಿ ದಂಡ.

ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ಚಿಪ್ಪಿನ ಹಿಂಭಾಗ ಅಥವಾ ತಳಕ್ಕೆ ಅಂಟಿಸಿದ ಕಿತ್ತಳೆ ಬಣ್ಣದ ಚೀಟಿ. ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲಿ ದೇಶದ ಸಂಖ್ಯೆ, ಮೇಲೆ 'ಇಸಿಇ ಆರ್44/04' ಅಥವಾ 'ಆರ್129' ಎಂದಿರಬೇಕು. ಇವೆರಡೂ ಯುರೋಪಿನಲ್ಲಿ ನಡೆಯುವ ಸುರಕ್ಷತಾ ಮಾನಕಗಳು; ನಮ್ಮ ದೇಶದ ಮಾನಕ ಎಐಎಸ್-072. ಆರ್44 ತೂಕದ ಮೇಲೆ ಲೆಕ್ಕ ಹಾಕುತ್ತದೆ, ಹೊಸದಾದ ಆರ್129 ಎತ್ತರದ ಮೇಲೆ. ಪಕ್ಕದಿಂದ ಗುದ್ದಿದಾಗಿನ ಪರೀಕ್ಷೆಯೂ ಹೊಸದರಲ್ಲಿದೆ. ಯುರೋಪಿನಲ್ಲಿ ಹಳೆಯದರ ಮಾರಾಟ ನಿಂತಿದ್ದರೂ ನಮ್ಮಲ್ಲಿ ಈ ಬೆಲೆಗೆ ಸಿಗುವುದು ಬಹುತೇಕ ಆರ್44. ಅದನ್ನು ಬಳಸಲು ಅಂಜಬೇಕಿಲ್ಲ. ಚೀಟಿಯೇ ಇಲ್ಲದೆ, ಬರೀ ಬಟ್ಟೆ-ಸ್ಪಂಜಿನಲ್ಲಿ ಹೊಲಿದು ಸಾವಿರ ಚಿಲ್ಲರೆ ರೂಪಾಯಿಗೆ ಮಾರುವ 'ಬೇಬಿ ಸೀಟು' ಮಾತ್ರ ಮುಟ್ಟಬೇಡಿ. ಅದು ಹಾಸಿಗೆ, ರಕ್ಷಣೆಯ ಸಾಮಾನಲ್ಲ.

ಎರಡನೆಯದು, ದುಡ್ಡು ಕೊಡುವ ಮೊದಲು ಸೀಟನ್ನು ನಿಮ್ಮ ಕಾರಿನಲ್ಲಿ ಇಟ್ಟು ನೋಡಲು ಕೇಳಿ. ಅಂಗಡಿಯವರು ಡಬ್ಬಿ ಬಿಚ್ಚಲು ಹಿಂದೆಮುಂದೆ ನೋಡುತ್ತಾರೆ. ಡಿಸ್‌ಪ್ಲೇಗೆ ಇಟ್ಟ ಪೀಸನ್ನಾದರೂ ಪಾರ್ಕಿಂಗಿಗೆ ತರಿಸಿ. ಹಠ ಹಿಡಿಯಲು ಕಾರಣ ಮೂರು. ಸಣ್ಣ ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂದಿನ ಬೆಲ್ಟ್ ಹಿಮ್ಮುಖ ಸೀಟನ್ನು ಸುತ್ತಿ ಬರುವಷ್ಟು ಉದ್ದ ಇಲ್ಲದಿರಬಹುದು. ಹಳೆಯ ಕಾರುಗಳ ನಡುವಿನ ಜಾಗದಲ್ಲಿ ಬರೀ ಸೊಂಟದ ಬೆಲ್ಟ್ ಇರುತ್ತದೆ, ಈ ಸೀಟಿಗೆ ಭುಜದ ಬೆಲ್ಟೂ ಬೇಕು. ಮೂರನೆಯದು ಯಾರೂ ಗಮನಿಸದ್ದು: ಕೆಲವು ಕಾರುಗಳಲ್ಲಿ ಬಕಲ್ ಉದ್ದನೆಯ ಕಡ್ಡಿಯ ಮೇಲೆ ನಿಂತಿರುತ್ತದೆ. ಬೆಲ್ಟ್ ಬಿಗಿದಾಗ ಆ ಬಕಲ್ ಚಿಪ್ಪಿನ ಅಂಚಿನ ಮೇಲೆ ಅಡ್ಡ ಮಲಗಿದರೆ ಹೊಡೆತಕ್ಕೆ ಅದೇ ಜಾಗದಲ್ಲಿ ಮುರಿಯಬಹುದು ಇಲ್ಲವೇ ಬಿಚ್ಚಿಕೊಳ್ಳಬಹುದು. ಸೀಟಿನ ಅಂಚಿಗೆ ತಾಗುವುದು ಬೆಲ್ಟಿನ ಪಟ್ಟಿ ಮಾತ್ರ ಆಗಿರಬೇಕು. ಹಾಗೆ ಆಗದಿದ್ದರೆ ಆ ಸೀಟು ಆ ಕಾರಿಗೆ ಅಲ್ಲ, ಎಷ್ಟೇ ರಿಯಾಯಿತಿ ಕೊಟ್ಟರೂ.

ಜಾಗ ಹಿಂದಿನ ಸೀಟಿನ ಎಡಬದಿ. ಇಳಿಸುವಾಗ ಫುಟ್‌ಪಾತ್ ಕಡೆ ಬರುತ್ತದೆ, ಓಡಿಸುವವರು ಸೀಟನ್ನು ಮುಂದೆ ಸರಿಸಬೇಕಿಲ್ಲ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟು ಇಡಲೇಕೂಡದು. ಚೀಲ ಸಿಡಿದು ಕೂಸಿನ ತಲೆಯ ಹಿಂದಿನ ಚಿಪ್ಪಿಗೇ ಬಡಿಯುತ್ತದೆ.

ಹಿಮ್ಮುಖವಾಗಿ ಕಟ್ಟುವುದು ಹೀಗೆ. ಚಿಪ್ಪಿನ ಮೇಲೆ ನೀಲಿ ಗುರುತುಗಳಿವೆ, ಅವು ಹಿಮ್ಮುಖಕ್ಕೆ. ಕೆಂಪು ಗುರುತು ಮುಮ್ಮುಖಕ್ಕೆ. ಬೆಲ್ಟನ್ನು ಪೂರ್ತಿ ಹೊರಗೆಳೆದು, ಸೊಂಟದ ಭಾಗವನ್ನು ಕೂಸಿನ ತೊಡೆಯ ಬಳಿ ಎರಡೂ ಕಡೆ ಇರುವ ನೀಲಿ ಸಂದಿಗಳಲ್ಲಿ ಹಾಯಿಸಿ ಬಕಲ್ ಹಾಕಿ. ಭುಜದ ಭಾಗವನ್ನು ಚಿಪ್ಪಿನ ಬೆನ್ನಿಗೆ ಸುತ್ತಿ ಹಿಂದಿನ ನೀಲಿ ಕೊಕ್ಕೆಗೆ ಸಿಕ್ಕಿಸಿ. ಎಲ್ಲೂ ತಿರುಚಿರಬಾರದು. ಒಂದು ಕೈಯಿಂದ ಸೀಟನ್ನು ಬಲವಾಗಿ ಕೆಳಗೆ ಒತ್ತಿ ಹಿಡಿದು, ಮೊದಲು ಸೊಂಟದ ಭಾಗದ ಸಡಿಲನ್ನು ಎಳೆದು ಭುಜದ ಕಡೆ ತನ್ನಿ, ಆಮೇಲೆ ಅದನ್ನು ಮೇಲಿನ ಸುರುಳಿಗೆ ಬಿಡಿ. ಕಾರಿನ ಬೆಲ್ಟ್ ಮೆಲ್ಲಗೆ ಎಳೆದರೆ ಲಾಕ್ ಆಗುವುದಿಲ್ಲ, ಝಟ್ಟನೆ ಎಳೆದರಷ್ಟೇ ಹಿಡಿಯುತ್ತದೆ. ಹಾಗಾಗಿ ಬಿಗಿ ಉಳಿಯಲು ಸೀಟಿನಲ್ಲೇ ಬೆಲ್ಟ್ ಕಚ್ಚಿ ಹಿಡಿಯುವ ಕ್ಲಿಪ್ ಇದ್ದರೆ ಅದನ್ನೂ ಮುಚ್ಚಿ. ಈಗ ಬೆಲ್ಟ್ ಹಾಯ್ದ ಜಾಗದಲ್ಲೇ ಹಿಡಿದು ಅಲುಗಾಡಿಸಿ. ಯಾವ ಕಡೆಗೂ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ತಲೆಯ ಕಡೆ ಸ್ವಲ್ಪ ತೂಗಿದರೆ ಚಿಂತೆ ಬೇಡ.

ಮುಂದಿನದು ಓರೆ. ಎಳೆಗೂಸಿಗೆ ಬೆನ್ನು ಸುಮಾರು 45 ಡಿಗ್ರಿ ಒರಗಿರಬೇಕು. ನಮ್ಮ ಕಾರುಗಳ ಹಿಂದಿನ ಸೀಟು ಒಳಮುಖ ಇಳಿಜಾರಾಗಿರುವುದರಿಂದ ಸೀಟು ನೆಟ್ಟಗೆ ನಿಂತುಬಿಡುತ್ತದೆ, ಕೂಸಿನ ಗದ್ದ ಎದೆಗೆ ಬಿದ್ದು ಉಸಿರಿಗೆ ತೊಂದರೆ. ಸೀಟಿನ ಕೈಪಿಡಿ ಒಪ್ಪಿದರೆ, ಬೆನ್ನೂ ಕೂರುವ ಜಾಗವೂ ಕೂಡುವ ಮೂಲೆಯಲ್ಲಿ ಗಟ್ಟಿಯಾಗಿ ಸುತ್ತಿದ ಟವೆಲ್ ಇಟ್ಟು ಸರಿಮಾಡಬಹುದು. ಎಷ್ಟೇ ಸರಿಯಾಗಿ ಒರಗಿಸಿದರೂ ಎಳೆಗೂಸನ್ನು ಸತತ ಎರಡು ಗಂಟೆ ಮೀರಿ ಕೂರಿಸಬೇಡಿ. ಬೆಂಗಳೂರಿಗೆ ಹೊರಟರೆ ರಾಣೆಬೆನ್ನೂರು, ಚಿತ್ರದುರ್ಗ, ತುಮಕೂರು ಎಂದು ಎತ್ತಿ ಇಳಿಸುವ ಲೆಕ್ಕ ಮೊದಲೇ ಇರಲಿ.

ಪಟ್ಟಿಗಳ ವಿಷಯದಲ್ಲಿ ನಮ್ಮ ಕಡೆಯದೇ ಒಂದು ತೊಡಕಿದೆ, ಕುಂಚಿಗಿ. ಹೊರಗೆ ಹೊರಟಾಗ ಕೂಸಿಗೆ ಕುಂಚಿಗಿ ಕಟ್ಟಿ, ಕೌದಿಯಲ್ಲಿ ಸುತ್ತಿ, ಹಾಗೇ ಸೀಟಿನಲ್ಲಿ ಮಲಗಿಸಿ ಪಟ್ಟಿ ಹಾಕುತ್ತಾರೆ. ಬಿಗಿಯಾಗಿ ಕಂಡದ್ದು ಬಟ್ಟೆಯ ದಪ್ಪ. ಗುದ್ದಿದಾಗ ಬಟ್ಟೆ ಅಪ್ಪಚ್ಚಿಯಾಗಿ ಅಷ್ಟೂ ಜಾಗ ಸಡಿಲಾಗುತ್ತದೆ, ಕೂಸು ಪಟ್ಟಿಯಿಂದ ಜಾರುತ್ತದೆ. ಕುಂಚಿಗಿಯ ಬೆನ್ನ ಮೇಲಿನ ನೆರಿಗೆ ತಲೆಯನ್ನೂ ಮುಂದೆ ನೂಕುತ್ತದೆ. ತೆಳು ಅಂಗಿಯಲ್ಲಿ ಕೂರಿಸಿ, ಪಟ್ಟಿ ಬಿಗಿದು, ಅದರ ಮೇಲೆ ಕೌದಿ ಹೊದಿಸಿ, ಬೆಚ್ಚಗೂ ಆಯಿತು. ಬಿಗಿ ನೋಡಲು ಭುಜದ ಮೂಳೆಯ ಬಳಿ ಪಟ್ಟಿಯನ್ನು ಚಿವುಟಿ. ಮಡಿಕೆ ಬೆರಳಿಗೆ ಸಿಕ್ಕರೆ ಇನ್ನೂ ಎಳೆಯಬೇಕು. ಪಟ್ಟಿ ಹೊರಡುವ ತೂತು ಹಿಮ್ಮುಖದಲ್ಲಿ ಭುಜದ ಸಮಕ್ಕೆ ಅಥವಾ ಕೊಂಚ ಕೆಳಗೆ, ಮುಮ್ಮುಖದಲ್ಲಿ ಸಮಕ್ಕೆ ಅಥವಾ ಕೊಂಚ ಮೇಲೆ. ಅಗ್ಗದ ಸೀಟುಗಳಲ್ಲಿ ಎತ್ತರ ಬದಲಿಸಲು ಹಿಂದಿನಿಂದ ಪಟ್ಟಿ ಬಿಚ್ಚಿ ಮತ್ತೆ ಪೋಣಿಸಬೇಕು, ಅಂದರೆ ಇಡೀ ಸೀಟನ್ನೇ ಕಾರಿನಿಂದ ಬಿಚ್ಚಬೇಕು. ಕೂಸು ಬೆಳೆದರೂ ಪಟ್ಟಿ ಹಳೆಯ ತೂತಿನಲ್ಲೇ ಉಳಿಯುವುದು ಇದಕ್ಕೇ. ಅರ್ಧ ಅಂಕ ಇಲ್ಲಿ ಕಳೆದಿದ್ದೇವೆ.

ಮುಮ್ಮುಖಕ್ಕೆ ಯಾವಾಗ ತಿರುಗಿಸಬೇಕು? ಡಬ್ಬಿಯ ಮೇಲೆ 9 ಕೆಜಿ ಎಂದಿರುತ್ತದೆ. ಅದು ಕನಿಷ್ಠ ಮಿತಿ, ಮುಹೂರ್ತವಲ್ಲ. ಹೆಚ್ಚಿನ ಸೀಟುಗಳು 13 ಕೆಜಿವರೆಗೆ ಹಿಮ್ಮುಖವಾಗಿ ಇಡಲು ಬರುತ್ತವೆ, ಅಲ್ಲಿಯವರೆಗೂ ಹಾಗೇ ಇಡಿ. ಕೂಸಿನ ತಲೆ ದೇಹಕ್ಕೆ ಹೋಲಿಸಿದರೆ ಭಾರ, ಕುತ್ತಿಗೆಯ ಎಲುಬು ಇನ್ನೂ ಎಳಸು. ಹಿಮ್ಮುಖವಿದ್ದರೆ ಎದುರಿನಿಂದ ಬಂದ ಹೊಡೆತವನ್ನು ಇಡೀ ಬೆನ್ನು ಹಂಚಿಕೊಳ್ಳುತ್ತದೆ; ಮುಮ್ಮುಖವಿದ್ದರೆ ದೇಹವನ್ನು ಪಟ್ಟಿ ಹಿಡಿಯುತ್ತದೆ, ತಲೆಯನ್ನು ಕುತ್ತಿಗೆಯೊಂದೇ ಹಿಡಿಯಬೇಕು. ಆರ್129 ಅಂತೂ 15 ತಿಂಗಳಿಗಿಂತ ಮೊದಲು ಮುಮ್ಮುಖವನ್ನು ಒಪ್ಪುವುದೇ ಇಲ್ಲ. ಕಾಲು ಸೀಟಿನ ಬೆನ್ನಿಗೆ ತಾಗುತ್ತದೆ ಎಂದು ತಿರುಗಿಸಬೇಡಿ, ಮಕ್ಕಳು ಚಕ್ಕಳಮಕ್ಕಳ ಹಾಕಿ ಆರಾಮಾಗಿ ಕೂರುತ್ತಾರೆ. ತಲೆ ಚಿಪ್ಪಿನ ಮೇಲಂಚಿಗೆ ಬಂದರೆ ಆಗ ಸೀಟು ಚಿಕ್ಕದಾಯಿತು ಎಂದರ್ಥ.

ಐಸೊಫಿಕ್ಸ್ ಸೀಟಿಗೆ, ಅಂದರೆ ಬೆಲ್ಟಿನ ಬದಲು ಕಾರಿನಲ್ಲೇ ಇರುವ ಕಡ್ಡಿಗಳಿಗೆ ಸಿಕ್ಕಿಸುವ ಸೀಟಿಗೆ, ಸುಮಾರು ಎರಡು ಪಟ್ಟು ಬೆಲೆ. ಕಾರಿನಲ್ಲಿ 280 ಮಿಮೀ ಅಂತರದಲ್ಲಿ 6 ಮಿಮೀ ದಪ್ಪದ ಎರಡು ಕಬ್ಬಿಣದ ಕಡ್ಡಿಗಳಿರುತ್ತವೆ, ಸೀಟಿನ ಕೊಕ್ಕೆ ಅವುಗಳಿಗೆ ಟಕ್ಕೆಂದು ಕೂತು ಗುರುತು ಹಸಿರಾದರೆ ಆ ಭಾಗ ಮುಗಿಯಿತು. ಕೆಲಸ ಪೂರ್ತಿಯಾಗುವುದು ಮೇಲಿನ ಪಟ್ಟಿ (ಸೀಟಿನ ಬೆನ್ನಿನ ಮೇಲ್ಭಾಗವನ್ನು ಕಾರಿಗೆ ಕಟ್ಟುವುದು) ಅಥವಾ ಊರುಗಾಲು (ಸೀಟಿನಿಂದ ಕಾರಿನ ನೆಲಕ್ಕೆ ಊರುವ ಕಾಲು) ಸೇರಿದ ಮೇಲೆ. ಮೇಲಿನ ಪಟ್ಟಿಯನ್ನು ಡಿಕ್ಕಿಯ ಸಾಮಾನು ಕಟ್ಟುವ ಕೊಕ್ಕೆಗೆ ಹಾಕಿದರೆ ಪ್ರಯೋಜನವಿಲ್ಲ, ಲಂಗರಿನ ಗುರುತಿರುವ ಜಾಗವೇ ಬೇಕು. ಊರುಗಾಲು ನೆಲದೊಳಗಿನ ಡಬ್ಬಿಯ ಮುಚ್ಚಳದ ಮೇಲೆ ನಿಲ್ಲಬಾರದು. ಐಸೊಫಿಕ್ಸ್ ದುಬಾರಿಯಾದರೂ ತಪ್ಪಿಗೆ ಎಡೆ ಕಡಿಮೆ. ಕಾರಿನಲ್ಲಿ ಆ ಕಡ್ಡಿಗಳಿದ್ದು, ಕೈಯಲ್ಲಿ ದುಡ್ಡೂ ಇದ್ದರೆ ಅದನ್ನೇ ಕೊಳ್ಳಿ. ಒಂದೇ ಸೀಟನ್ನು ಸ್ವಂತ ಕಾರಿಗೂ ಗದಗಿನ ತವರಿನವರ ಹಳೆಯ ಕಾರಿಗೂ ಬಾಡಿಗೆ ಗಾಡಿಗೂ ಹಾಕುವವರಿಗೆ ಬೆಲ್ಟಿನದೇ ಅನುಕೂಲ. ಪಕ್ಕಕ್ಕೆ ಮುಖಮಾಡಿದ ಜೀಪಿನ ಬೆಂಚು ಸೀಟಿಗೆ ಎರಡೂ ಆಗುವುದಿಲ್ಲ.

ಎರಡಕ್ಕೂ ಶತ್ರು ಒಂದೇ, ಸೀಟ್ ಕವರ್. ಹೊಸ ಕಾರು ಬಂದ ಕೂಡಲೇ ದಪ್ಪನೆಯ ಲೆದರೆಟ್ ಹೊದಿಕೆ ಹಾಕಿಸಿ, ಬಕಲ್‌ಗಳನ್ನು ಸೀಟಿನಡಿ ತುರುಕಿ, ಐಸೊಫಿಕ್ಸ್ ಸಂದಿಯನ್ನು ಹೊಲಿಗೆಯಲ್ಲಿ ಮುಚ್ಚಿಸುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ನುಣುಪು ಲೆದರೆಟ್ ಮೇಲೆ ಸೀಟು ಜಾರುತ್ತದೆ ಬೇರೆ. ಹಾಕಿಸಲೇಬೇಕಿದ್ದರೆ ಬಕಲ್ ಮತ್ತು ಕಡ್ಡಿಯ ಜಾಗ ಕತ್ತರಿಸಿ ಬಿಡಲು ಹೇಳಿ, ಕೂಸಿನ ಸೀಟನ್ನು ಅಂಗಡಿಗೇ ಒಯ್ದು ಅಳತೆ ಕೊಡಿ. ಅದೇ ಅಂಗಡಿಯಲ್ಲಿ ಬೆಲ್ಟಿನ ಬೀಪ್ ನಿಲ್ಲಿಸುವ ಕ್ಲಿಪ್ ತೋರಿಸಿದರೆ ಬೇಡವೆನ್ನಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ಮಾರಾಟ ತಾಣಗಳಿಂದ ತೆಗೆಸಿದ ಸಾಮಾನು ಅದು.

18 ಕೆಜಿ ದಾಟಿದ ಮೇಲೆ ಬೆನ್ನಿರುವ ಬೂಸ್ಟರ್, ಅಂದರೆ ಕಾರಿನ ಬೆಲ್ಟೇ ಸರಿಯಾಗಿ ಬರುವಂತೆ ಮಗುವನ್ನು ಎತ್ತರಿಸುವ ಸೀಟು. ಕಾರಿನ ಬೆಲ್ಟ್ ಸೊಂಟದಲ್ಲಿ ತೊಡೆಯ ಬುಡಕ್ಕೆ, ಮೇಲೆ ಭುಜದ ನಡುವಿಗೆ ಬರಬೇಕು. ಹೊಟ್ಟೆಯ ಮೇಲೂ ಕುತ್ತಿಗೆಯ ಮೇಲೂ ಬರಕೂಡದು. ಬೆನ್ನಿಲ್ಲದ ಬರೀ ಮಣೆ 125 ಸೆಂಮೀ ಎತ್ತರ ದಾಟಿದವರಿಗೆ.

ಬಳಕೆಯಲ್ಲಿ ಕಾಡುವ ತೊಂದರೆ ಎರಡು. ಏಪ್ರಿಲ್-ಮೇ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಕಲಿನ ಲೋಹದ ನಾಲಿಗೆ ಚರ್ಮ ಸುಡುವಷ್ಟು ಕಾಯುತ್ತದೆ. ಇಳಿಯುವಾಗ ಸೀಟಿನ ಮೇಲೆ ಬಿಳಿ ಟವೆಲ್ ಹೊದಿಸಿ, ಕೂರಿಸುವ ಮುನ್ನ ಮುಟ್ಟಿ ನೋಡಿ. ಇನ್ನೊಂದು ಪೇಢೆ. ದಾರಿಯಲ್ಲಿ ಕೈಗೆ ಕೊಟ್ಟ ಧಾರವಾಡ ಪೇಢೆಯ ಸಕ್ಕರೆ ಪುಡಿ ಬಕಲಿನೊಳಗೆ ಇಳಿದು, ಬೆವರು-ಬಿಸಿಗೆ ಕರಗಿ ಅಂಟಾಗಿ, ಕೆಂಪು ಗುಂಡಿ ಒತ್ತಿದರೂ ಮೇಲೇಳುವುದಿಲ್ಲ, ನಾಲಿಗೆ ಅರ್ಧಕ್ಕೇ ಕಚ್ಚಿಕೊಳ್ಳುತ್ತದೆ. ಕೈಪಿಡಿಯಲ್ಲಿ ಬಕಲ್ ತೊಳೆಯಲು ಅನುಮತಿ ಇದ್ದರೆ ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ನಾಲಿಗೆಯನ್ನು ಹಾಕಿ ತೆಗೆದು ಮಾಡಿದರೆ ಸಕ್ಕರೆ ಕರಗುತ್ತದೆ. ಕೊಬ್ಬರಿ ಎಣ್ಣೆ ಬಿಡಬೇಡಿ, ಧೂಳು ಹಿಡಿದು ಇನ್ನೂ ಕೆಡುತ್ತದೆ. ಬಟ್ಟೆಯ ಹೊದಿಕೆ ಕೈಯಲ್ಲಿ ಒಗೆಯಬಹುದು. ಪಟ್ಟಿಗಳನ್ನು ಮಾತ್ರ ಸೋಪುಪುಡಿಯಲ್ಲಿ ನೆನೆಹಾಕಬೇಡಿ, ಎಳೆಯ ಬಲ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಚಿಪ್ಪಿನ ತಳದಲ್ಲಿ ಅಚ್ಚೊತ್ತಿದ ಸಣ್ಣ ಗಡಿಯಾರದಂಥ ವೃತ್ತ ಹುಡುಕಿ. ಬಾಣ ತೋರಿಸುವುದು ತಯಾರಾದ ತಿಂಗಳು, ನಡುವಿನ ಅಂಕೆ ವರ್ಷ. ಎಷ್ಟು ವರ್ಷ ಬಳಸಬಹುದೆಂದು ಕೈಪಿಡಿಯಲ್ಲಿರುತ್ತದೆ. ಒಮ್ಮೆ ಅಪಘಾತ ಕಂಡ ಸೀಟಿನ ಬಿರುಕು ಬಟ್ಟೆಯ ಕೆಳಗೆ ಅಡಗಿರುತ್ತದೆ, ಆದ್ದರಿಂದ ಕಾರಿನ ಚರಿತ್ರೆ ಗೊತ್ತಿರುವ ನೆಂಟರ ಮನೆಯದಾದರೆ ತನ್ನಿ. ಜಾಹೀರಾತು ನೋಡಿ ಪರಿಚಯವಿಲ್ಲದವರಿಂದ ಎರಡು ಸಾವಿರಕ್ಕೆ ಸಿಕ್ಕಿತೆಂದು ತರಬೇಡಿ.