ಸೋಯಾ ಪೊಟ್ಟಣ: ಹುಬ್ಬಳ್ಳಿಯಲ್ಲಿ ಪಾಸು, ಕುಮಟಾದಲ್ಲಿ ಫೇಲು

ಮನೆಯಲ್ಲೇ ಶೇಂಗಾ ಚಟ್ನಿಪುಡಿ ಮಾಡಿ ಮಾರುವವಳು ನಾನು. ಪ್ಲಾಸ್ಟಿಕ್ ಬೇಡ ಅನ್ನುವ ಗಿರಾಕಿಗಳು ಜಾಸ್ತಿ ಆಗಿದ್ದಾರೆ. ಅದಕ್ಕೇ ಏಪ್ರಿಲ್‌ನಲ್ಲಿ ಸೋಯಾ ಪ್ರೋಟೀನ್ ಹಾಳೆಯ ಪೊಟ್ಟಣಗಳ ಸ್ಯಾಂಪಲ್ ತರಿಸಿದೆ. ಎರಡು ಬಗೆ. ಒಂದು ಸಾದಾ, ಇನ್ನೊಂದು ಗ್ರಾಫೀನ್ ಆಕ್ಸೈಡ್, ಅಂದರೆ ಕಾರ್ಬನ್ನಿನ ತೀರಾ ತೆಳು ಪದರಗಳನ್ನು ಬೆರೆಸಿದ್ದು.

ಸಾದಾದ್ದು ತಿಳಿಹಳದಿ. ಗ್ರಾಫೀನ್ ಇರೋದು ಕಡಕ್ ಚಹಾದ ಬಣ್ಣ, ಒಳಗಿನ ಪುಡಿ ಮಸುಕಾಗಿ ಕಾಣುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಬೆಳಕು ಕಡಿಮೆ ಬಿದ್ದಷ್ಟೂ ಶೇಂಗಾಕ್ಕೆ ಒಳ್ಳೇದು.

200 ಗ್ರಾಂ ತುಂಬಿ, ಸೀಲ್ ಮಾಡಿ, ಅಡುಗೆ ಕಟ್ಟೆಯಿಂದ ಕೆಳಗೆ ಬೀಳಿಸಿದೆ. ಸಾದಾದ್ದು ಎರಡನೇ ಸಲಕ್ಕೇ ಹರಿದು ನೆಲವೆಲ್ಲ ಪುಡಿ. ಗ್ರಾಫೀನ್ ಇರೋದು ಜಪ್ಪಯ್ಯ ಅಂದ್ರೂ ಹರಿಯಲಿಲ್ಲ. ಮಣ್ಣಿನ ಗೋಡೆಗೆ ಹುಲ್ಲು ಕಲಸುತ್ತಾರಲ್ವಾ, ಅದೇ ಲೆಕ್ಕ. ನೂರು ಗ್ರಾಂ ಸೋಯಾ ಪ್ರೋಟೀನಿಗೆ ಒಂದು ಗ್ರಾಂ ಗ್ರಾಫೀನ್, ಅದಕ್ಕಿಂತ ಕಡಿಮೆ ಹಾಕಿದರೂ ಬಲ ಬರುತ್ತದೆ. ಜಾಸ್ತಿ ಆದರೆ ಉಪ್ಪಿಟ್ಟಿನ ರವೆಯಂತೆ ಗಂಟುಗಟ್ಟುತ್ತದೆ. ಒಂದು ಪೊಟ್ಟಣವನ್ನು ಕಿಟಕಿಗೆ ಹಿಡಿದಾಗ ಸಾಸಿವೆಯಷ್ಟು ಕಪ್ಪು ಚುಕ್ಕೆ ಕಂಡಿತು. ಎಳೆದು ನೋಡಿದೆ, ಸರಿಯಾಗಿ ಅಲ್ಲಿಂದಲೇ ಸೀಳಿತು.

ನನಗೆ ಖುಷಿಯಾದದ್ದು ವಾಸನೆಯ ವಿಷಯದಲ್ಲಿ. ಪಾಲಿಥೀನ್ ನೀರನ್ನು ತಡೆಯುತ್ತದೆ, ಶೇಂಗಾದ ಎಣ್ಣೆಗೆ ಕಮಟು ಹಿಡಿಸುವ ಆಕ್ಸಿಜನ್ ಅನ್ನು ಅಷ್ಟಾಗಿ ತಡೆಯೋದಿಲ್ಲ. ಪ್ರೋಟೀನ್ ಹಾಳೆ ಇದಕ್ಕೆ ಉಲ್ಟಾ. 40 ದಿನ ಬಿಟ್ಟು ಬಿಚ್ಚಿದರೆ ಪಾಲಿಥೀನ್ ಪೊಟ್ಟಣದ ಪುಡಿ ಸ್ವಲ್ಪ ಕಮಟು ಹೊಡೀತಿತ್ತು. ಇದರಲ್ಲಿ ಹುರಿದ ಶೇಂಗಾದ ಘಮ ಹಾಗೇ ಇತ್ತು.

ಆದರೆ ಇದೆಲ್ಲ ಬೇಸಿಗೆಯ ಹುಬ್ಬಳ್ಳಿಯ ಮಾತು. ಜುಲೈನಲ್ಲಿ ಕುಮಟಾದ ತಂಗಿಗೆ ಒಂದು ಪೊಟ್ಟಣ ಕಳಿಸಿದೆ. ವಾರಕ್ಕೇ ಫೋಟೊ ಬಂತು: ಹಾಳೆ ಮೆತ್ತಗಾಗಿ ಬೆರಳಿಗೆ ಅಂಟುತ್ತಿದೆ, ಒಳಗೆ ಪುಡಿ ಮುದ್ದೆ. ಹಾಳೆ ಮುರಿಯದೆ ಬಾಗಲಿ ಅಂತ ಗ್ಲಿಸರಿನ್ ಹಾಕುತ್ತಾರೆ. ಅದು ಮಳೆಗಾಲದ ಬೆಲ್ಲದ ಹಾಗೆ ತೇವ ಎಳೆದುಕೊಳ್ಳುತ್ತದೆ. ಸೋಯಾ ಪ್ರೋಟೀನಿಗೂ ನೀರಿನ ಆಸೆ ಕಡಿಮೆಯಿಲ್ಲ. ಗ್ರಾಫೀನ್ ಪದರಗಳು ಅಡ್ಡ ನಿಂತು ತೇವಕ್ಕೆ ಸುತ್ತುದಾರಿ ಹಿಡಿಸುತ್ತವೆ ಅಷ್ಟೇ, ಬಾಗಿಲು ಹಾಕೋದಿಲ್ಲ.

ಈ ಕಾರ್ಬನ್ ಚಟ್ನಿಗೆ ಇಳಿಯುತ್ತದಾ ಅಂತ ಕಳಿಸಿದವರನ್ನು ಕೇಳಿದೆ. ಎಣ್ಣೆ ಪದಾರ್ಥದ ಜೊತೆ ಇಟ್ಟು ಪರೀಕ್ಷೆ ಮಾಡಿದ ರಿಪೋರ್ಟ್ ಕೊಡಿ ಅಂದೆ. "ಕಾರ್ಬನ್ ನ್ಯಾಚುರಲ್ ಮೇಡಂ" ಅಂದರು. ಇದ್ದಿಲೂ ನ್ಯಾಚುರಲ್ಲೇ, ಸುಮ್ನೆ ತಿಂತೀವಾ? ಆ ಪುಡಿಯನ್ನು ನಾನು ಮೂಸಿ ನೋಡಿದ್ದಷ್ಟೇ, ಬಾಯಿಗೆ ಹಾಕಲಿಲ್ಲ. ತಂಗಿಗೂ ಬರೀ ಇಟ್ಟು ನೋಡು ಅಂತಲೇ ಹೇಳಿದ್ದೆ.

ಗಟ್ಟಿತನಕ್ಕೆ ಐದಕ್ಕೆ ನಾಲ್ಕು, ಮಳೆಗಾಲಕ್ಕೆ ಒಂದು. ರಿಪೋರ್ಟ್ ಬರುವವರೆಗೆ ಆರ್ಡರ್ ಇಲ್ಲ. ಉಳಿದ ಪೊಟ್ಟಣಗಳಲ್ಲಿ ಗುಂಡಿ, ದಾರ ಹಾಕಿಟ್ಟಿದ್ದೇನೆ.